ಕೊಯಮತ್ತೂರಿನ ಯುದ್ಧ, ಮಂಗಳೂರಿನ ಲೆಕ್ಕ: 3 ಕೋಟಿ 30 ಲಕ್ಷದ ದಂಡ ಕಟ್ಟಿದವರು ಯಾರು?

ತಿರುಪ್ಪೂರು ಅಂದರೆ ನಮ್ಮವರಿಗೆ ಬನಿಯನ್. ಬಂದರಿನಿಂದ ಹಿಡಿದು ಉಪ್ಪಿನಂಗಡಿಯವರೆಗೆ ನಮ್ಮವರ ಎಷ್ಟೋ ಬಟ್ಟೆ ಅಂಗಡಿಗಳಿಗೆ ಟೀ ಶರ್ಟು, ನೈಟ್ ಪ್ಯಾಂಟು, ಮಕ್ಕಳ ಉಡುಪು ಬರುವುದು ಅಲ್ಲಿಂದಲೇ. ನಾನೂ ವರ್ಷಕ್ಕೆ ನಾಲ್ಕೈದು ಸಲ ಸರಕು ನೋಡಲು ಹೋಗುವವ. ರೈಲಿನಲ್ಲಿ ಕಾಸರಗೋಡು, ಕೋಝಿಕ್ಕೋಡು, ಪಾಲಕ್ಕಾಡು ದಾಟಿ ಕೊಯಮತ್ತೂರು, ಅಲ್ಲಿಂದ ಮುಂದೆ ತಿರುಪ್ಪೂರು. ಈ ದಾರಿಯಲ್ಲಿ ಇನ್ನೂರು ವರ್ಷಗಳ ಹಿಂದೆ ಸೈನ್ಯಗಳು ಓಡಾಡಿದ್ದವು, ಅದರ ಬಿಲ್ಲು ನಮ್ಮ ಊರಿಗೂ ಬಂದಿತ್ತು ಎನ್ನುವುದು ನನಗೆ ಬಹಳ ತಡವಾಗಿ ತಿಳಿದ ಸಂಗತಿ.

ತಿಳಿಸಿದವರು ತಿರುಪ್ಪೂರಿನ ಒಬ್ಬ ಏಜೆಂಟರು. ದೇವಾಂಗ ಸಮಾಜದವರು, ಮನೆಮಾತು ಕನ್ನಡ. ತಮಿಳು ಬೆರೆತ ಕನ್ನಡ, ಆದರೂ ಕನ್ನಡವೇ. "ನಮ್ಮ ಹಿರಿಯರು ಮೈಸೂರು ಕಡೆಯಿಂದ ಘಾಟಿ ಇಳಿದು ಬಂದವರು ಬಾಯ್, ಆಗ ಇದೆಲ್ಲ ಮೈಸೂರೇ ಅಲ್ಲವಾ" ಎಂದರು. ಹೌದು. ಇಂದಿನ ಕೊಯಮತ್ತೂರು ಜಿಲ್ಲೆ, 2009ರಲ್ಲಿ ಹೊಸದಾಗಿ ಆದ ತಿರುಪ್ಪೂರು ಜಿಲ್ಲೆ, ಅದರೊಳಗಿನ ಧಾರಾಪುರಂ, ಕಾಂಗೇಯಂ, ಇವೆಲ್ಲ 1799ರವರೆಗೆ ಶ್ರೀರಂಗಪಟ್ಟಣದ ಆಡಳಿತಕ್ಕೆ ಸೇರಿದ್ದವು. ಮಂಗಳೂರೂ ಹಾಗೆಯೇ. ಅಂದರೆ ನಾವೂ ಅವರೂ ಒಂದೇ ಸರಕಾರಕ್ಕೆ ಕಂದಾಯ ಕಟ್ಟಿದವರು. ಈ ಲೇಖನಕ್ಕೆ ಬೇಕಾದ್ದು ಆ ಒಂದು ಸಂಬಂಧ.

ಈಚೆಗೆ ಉಕ್ರೇನ್, ಗಾಝಾ ಸುದ್ದಿ ನೋಡುವಾಗೆಲ್ಲ ಮನೆಯಲ್ಲಿ ಒಂದು ಪ್ರಶ್ನೆ ಬರುತ್ತದೆ: ಯುದ್ಧ ಶುರು ಮಾಡಿದವನಿಂದ ನಷ್ಟ ವಸೂಲಿ ಮಾಡುವ ಕಾನೂನು ಇಲ್ಲವಾ? ಇದೆ, ಇಲ್ಲ, ಎರಡೂ ಸರಿ. ಆದರೆ ನಾನು ಹೇಳಬೇಕೆಂದಿರುವುದು ಇನ್ನೊಂದು. ವಸೂಲಿ ಆದಾಗಲೂ ಹಣ ಯಾರ ಕಿಸೆಯಿಂದ ಹೋಯಿತು, ಯಾರ ಕೈಗೆ ಸೇರಿತು ಎಂದು ನೋಡಬೇಕು. ಅದಕ್ಕೆ ಕೊಯಮತ್ತೂರು ಒಳ್ಳೆಯ ಪಾಠ.

ಮೊದಲು ಮಂಗಳೂರಿನಿಂದಲೇ ಶುರು ಮಾಡೋಣ. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಬೊಂಬಾಯಿ ಸೈನ್ಯ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಅದೇ ಹೊತ್ತಿಗೆ ದಕ್ಷಿಣದಿಂದ ಕರ್ನಲ್ ಫುಲ್ಲರ್ಟನ್ ಜೂನ್ ತಿಂಗಳಲ್ಲಿ ಧಾರಾಪುರಂ, ನವೆಂಬರಿನಲ್ಲಿ ಪಾಲಕ್ಕಾಡು ಮತ್ತು ಕೊಯಮತ್ತೂರು ಹಿಡಿದ. ಟಿಪ್ಪು ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ. ಕೋಟೆ 1784ರ ಜನವರಿ ಕೊನೆಯಲ್ಲಿ ಶರಣಾಯಿತು. ಆ ವರ್ಷದ ಮಾರ್ಚ್ 11ರಂದು ನಮ್ಮ ಊರಲ್ಲೇ ಸಹಿಯಾದದ್ದು ಮಂಗಳೂರು ಒಪ್ಪಂದ. ಶಾಲೆಯಲ್ಲಿ ಇಸವಿ ಬಾಯಿಪಾಠ ಮಾಡಿದ್ದೇವೆ, ಒಳಗೆ ಏನಿತ್ತು ಎಂದು ಯಾರೂ ಹೇಳಲಿಲ್ಲ.

ಒಳಗಿದ್ದದ್ದು ಸರಳ. ಹಿಡಿದದ್ದನ್ನು ಹಿಂದೆ ಕೊಡು, ಕೈದಿಗಳನ್ನು ಬಿಡು. ಕಂಪೆನಿಯವರು ಮರಳಿಸಬೇಕಾದ ಸ್ಥಳಗಳಲ್ಲಿ ಕಾರವಾರ, ಹೊನ್ನಾವರದ ಜತೆಗೆ ಕರೂರು ಮತ್ತು ಧಾರಾಪುರಂ ಹೆಸರೂ ಇದೆ. ಯಾರೂ ಯಾರಿಗೂ ಯುದ್ಧದ ಖರ್ಚು ಕೊಡಬೇಕಾಗಿರಲಿಲ್ಲ. ಯಾರು ತಪ್ಪು ಮಾಡಿದ್ದು ಎಂಬ ಮಾತೂ ಇಲ್ಲ. ಎರಡೂ ಕಡೆಯವರು ಸುಸ್ತಾಗಿದ್ದರು, ಅಷ್ಟೆ.

ಆದರೆ ಹೊಣೆಗಾರಿಕೆ ಇರಲಿಲ್ಲ ಎಂದಲ್ಲ. ಅದನ್ನು ತಪ್ಪು ಜನರ ಮೇಲೆ ಹೊರಿಸಲಾಯಿತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಆರೋಪದ ಮೇಲೆ ಇಡೀ ಸಮುದಾಯವನ್ನು ಮನೆ, ಗದ್ದೆ, ಇಗರ್ಜಿ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ನಮ್ಮಲ್ಲಿ ಟಿಪ್ಪು ಮಾತು ಬಂದರೆ ಇದನ್ನು ಕೆಲವರು ನುಂಗಿಕೊಳ್ಳುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನೆರೆಮನೆಯವರ ಹಿರಿಯರಿಗೆ ಆದದ್ದು ಅದು. ವಿಚಾರಣೆ ಇಲ್ಲದೆ ಒಂದು ಊರಿನ ಜನಕ್ಕೆಲ್ಲ ಶಿಕ್ಷೆ ಕೊಡುವುದು ಯಾರು ಮಾಡಿದರೂ ತಪ್ಪೇ. ಮ್ಯಾಥ್ಯೂಸ್‌ನ ಸೈನ್ಯ ಅನಂತಪುರದ ಕೋಟೆಯಲ್ಲಿ ನಡೆಸಿದ ಕೊಲೆಗಳ ಸುದ್ದಿ ಇಂಗ್ಲೆಂಡಿನಲ್ಲೇ ಗಲಾಟೆ ಎಬ್ಬಿಸಿತ್ತು, ಅದಕ್ಕೂ ಯಾವ ನ್ಯಾಯಾಲಯವೂ ಕೂರಲಿಲ್ಲ.

ಮಂಗಳೂರು ಒಪ್ಪಂದದಲ್ಲಿ ಇನ್ನೊಂದು ಸಣ್ಣ ಮಾತಿತ್ತು. ಎರಡೂ ಕಡೆಯವರು ಒಬ್ಬರ ಮಿತ್ರರ ಮೇಲೆ ಇನ್ನೊಬ್ಬರು ಏರಿ ಹೋಗಬಾರದು. ಕಂಪೆನಿಯ ಮಿತ್ರರೆಂದು ಹೆಸರಿಸಿದವರಲ್ಲಿ ತಿರುವಾಂಕೂರಿನ ರಾಜನೂ ಇದ್ದ. ಐದು ವರ್ಷದ ನಂತರ ಬೆಂಕಿ ಹತ್ತಿದ್ದು ಈ ಸಾಲಿನಿಂದ.

1789ರಲ್ಲಿ ತಿರುವಾಂಕೂರಿನ ರಾಜ ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆಯ ಕೋಟೆಗಳನ್ನು ಖರೀದಿಸಿದ. ಟಿಪ್ಪುವಿನ ವಾದ: ಆ ಜಾಗ ನನಗೆ ಕಪ್ಪ ಕೊಡುವ ಕೊಚ್ಚಿ ರಾಜನದ್ದು, ಮಾರಲು ಡಚ್ಚರು ಯಾರು? ತಿರುವಾಂಕೂರು ತನ್ನ ಉತ್ತರ ಗಡಿಗೆ ಕಟ್ಟಿಕೊಂಡ ಉದ್ದನೆಯ ಮಣ್ಣಿನ ಗೋಡೆ, ಅಂದರೆ ನೆಡುಂಕೋಟೆ, ಅದರ ಒಂದು ಭಾಗವೂ ಕೊಚ್ಚಿಯ ನೆಲದಲ್ಲೇ ಇದೆ. ಮಲಬಾರಿನಿಂದ ಓಡಿಬಂದ ನನ್ನ ವಿರೋಧಿಗಳಿಗೆ ಅಲ್ಲಿ ಆಶ್ರಯ ಬೇರೆ. ಮದ್ರಾಸಿನ ಕಂಪೆನಿ ಸರಕಾರವೇ ಆ ಖರೀದಿ ಬೇಡ ಎಂದಿತ್ತು. ವಾದ ಪೂರ್ತಿ ಟೊಳ್ಳಲ್ಲ. ಆದರೆ 1789ರ ಡಿಸೆಂಬರ್ 29ರಂದು ಮೈಸೂರು ಸೈನ್ಯ ಆ ಗೋಡೆ ಹತ್ತಿತು. ಮೊದಲ ದಾಳಿ ವಿಫಲವಾಯಿತು; ಅದು ನನ್ನ ಅಪ್ಪಣೆ ಇಲ್ಲದೆ ಆದದ್ದು ಎಂದು ಟಿಪ್ಪು ಬರೆಸಿದ. ಮುಂದಿನ ಏಪ್ರಿಲಿನಲ್ಲಿ ಫಿರಂಗಿ ಹೂಡಿ ಗೋಡೆ ಒಡೆದಾಗ ಆ ಮಾತಿಗೆ ಬೆಲೆ ಉಳಿಯಲಿಲ್ಲ. ಗಡಿ ಜಗಳದಲ್ಲಿ ಅರ್ಧ ನ್ಯಾಯ ನಿಮ್ಮ ಕಡೆಗಿದ್ದರೂ ರಾತ್ರಿ ಹೊತ್ತು ಪಕ್ಕದವನ ಬೇಲಿ ಮುರಿದರೆ ಪಂಚಾಯತಿಗೆಯಲ್ಲಿ ನೀವೇ ಸೋಲುತ್ತೀರಿ.

ಕಂಪೆನಿಗೂ ಈ ದಾಳಿ ಬೇಕಿತ್ತು ಎನ್ನುವುದನ್ನು ಮರೆಯಬಾರದು. 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಪಿಟ್ಸ್ ಇಂಡಿಯಾ ಕಾಯಿದೆ, ಭಾರತದಲ್ಲಿ ರಾಜ್ಯ ಗೆಲ್ಲುವ ಯೋಜನೆಗಳು ನಮ್ಮ ದೇಶದ ನೀತಿಗೆ ಒಪ್ಪುವಂಥದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಗವರ್ನರ್ ಜನರಲ್ ತಾನಾಗಿ ಯುದ್ಧ ಹೂಡುವಂತಿಲ್ಲ. ಕಂಪೆನಿಯ ಮೇಲೋ ಅದರ ಮಿತ್ರರ ಮೇಲೋ ದಾಳಿಯಾದರೆ ಮಾತ್ರ ಸರಿ. ಕಾರ್ನ್‌ವಾಲಿಸ್‌ಗೆ ನೆಡುಂಕೋಟೆ ಆ ಬಾಗಿಲನ್ನು ತೆರೆಯಿತು. ಅಂದರೆ 'ಆಕ್ರಮಣ ಮಾಡಿದವನು ಯಾರು' ಎಂಬ ಪ್ರಶ್ನೆ ಆಗಲೂ ಬರೀ ಮಾತಿನದ್ದಲ್ಲ, ಕಾಯಿದೆಯದ್ದು. ಲಂಡನ್ನಿನಲ್ಲಿ ಫಿಲಿಪ್ ಫ್ರಾನ್ಸಿಸ್‌ನಂಥವರು ಈ ಯುದ್ಧ ನ್ಯಾಯವೇ ಎಂದು ಎದ್ದು ನಿಂತು ಕೇಳಿದರು. ಬಹುಮತ ಕಾರ್ನ್‌ವಾಲಿಸ್ ಕಡೆಗಿತ್ತು. ಧಾರಾಪುರದ ರೈತನನ್ನು ಕೇಳುವವರು ಎರಡೂ ಕಡೆ ಇರಲಿಲ್ಲ.

ಗಡಿ ಜಗಳ ಕೊಡುಂಗಲ್ಲೂರಿನದ್ದು. ಯುದ್ಧ ನಡೆದದ್ದು ಕೊಯಮತ್ತೂರಿನಲ್ಲಿ. 1790ರ ಬೇಸಗೆ ಮುಗಿಯುವಾಗ ಜನರಲ್ ಮೆಡೋಸ್ ತಿರುಚ್ಚಿಯಿಂದ ಹೊರಟು ಕರೂರು, ಜುಲೈಯಲ್ಲಿ ಧಾರಾಪುರಂ, ಜುಲೈ 21ಕ್ಕೆ ಕೊಯಮತ್ತೂರು ತಲಪಿದ. ಅಲ್ಲಿ ದವಸ ಸಂಗ್ರಹಿಸಿ, ಗಜಲಹಟ್ಟಿ ಘಾಟಿ ಹತ್ತಿ ಮೈಸೂರಿಗೆ ಹೋಗುವುದು ಅವನ ಯೋಚನೆ. ಸೈನ್ಯಕ್ಕೆ ಅಕ್ಕಿ, ರಾಗಿ, ಹುಲ್ಲು, ಎತ್ತು ಎಲ್ಲ ಬೇಕು. ಅವೆಲ್ಲ ಆಕಾಶದಿಂದ ಬೀಳುವುದಿಲ್ಲ. ಆ ಬಯಲುಸೀಮೆಯ ಎತ್ತುಗಳು ಇವತ್ತಿಗೂ ಕಾಂಗೇಯಂ ತಳಿ ಎಂದು ಹೆಸರು ಪಡೆದಿವೆ. ಎತ್ತು ಹೋದರೆ ಬೇಸಾಯವೂ ಹೋಯಿತು.

ಸೆಪ್ಟೆಂಬರಿನಲ್ಲಿ ಟಿಪ್ಪುವೇ ಅದೇ ಘಾಟಿ ಇಳಿದು ಬಂದ. ಸತ್ಯಮಂಗಲದ ಹತ್ತಿರ ಕರ್ನಲ್ ಫ್ಲಾಯ್ಡ್‌ನ ದಳ ಪೆಟ್ಟು ತಿಂದು ಹಿಂದೆ ಸರಿಯಿತು. ಈರೋಡು ಮರಳಿ ಮೈಸೂರಿಗೆ ಬಂತು, ಅಕ್ಟೋಬರ್ 8ಕ್ಕೆ ಧಾರಾಪುರಂ ಕೂಡ. ಧಾರಾಪುರದ ಕಾವಲುಪಡೆ ಷರತ್ತಿನ ಮೇಲೆ ಶರಣಾಯಿತು; ಆ ಷರತ್ತನ್ನು ಟಿಪ್ಪು ಚಾಚೂ ತಪ್ಪದೆ ಪಾಲಿಸಿದ ಎಂದು ಅವನನ್ನು ಕಂಡರಾಗದ ಇಂಗ್ಲಿಷ್ ಇತಿಹಾಸಕಾರರೇ ಒಪ್ಪುತ್ತಾರೆ. 1783ರಿಂದ 1790ರವರೆಗೆ ಈ ಒಂದು ಸಣ್ಣ ಪಟ್ಟಣ ನಾಲ್ಕು ಸಲ ಕೈ ಬದಲಾಯಿಸಿತು. ಪ್ರತಿ ಸಲವೂ ಹೊಸ ಸರಕಾರ, ಹೊಸದಾಗಿ ಕಂದಾಯ ಕೇಳುವವರು.

ಕೊಯಮತ್ತೂರಿನ ಕಥೆ ಬೇರೆ. 1791ರ ಜೂನ್‌ನಲ್ಲಿ ಮೈಸೂರು ಪಡೆ ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದವನು ಲೆಫ್ಟಿನೆಂಟ್ ಚಾಮರ್ಸ್ ಎಂಬ ಕಿರಿಯ ಅಧಿಕಾರಿ. ಜತೆಗೆ ಒಂದಷ್ಟು ತೋಪಾಸಿಗಳು, ತಿರುವಾಂಕೂರಿನ ಸಿಪಾಯಿಗಳು. ಕೆಲಸಕ್ಕೆ ಬಾರದ ಹಳೆ ಫಿರಂಗಿಗಳನ್ನೇ ಸರಿ ಮಾಡಿಕೊಂಡು ಅವನು ಆಗಸ್ಟ್ 11ರ ದೊಡ್ಡ ದಾಳಿಯನ್ನು ಹಿಮ್ಮೆಟ್ಟಿಸಿದ. ಮಳೆಗಾಲ ಮುಗಿದು ಕಮರುದ್ದೀನ್ ಖಾನ್ ದೊಡ್ಡ ಸೈನ್ಯದೊಂದಿಗೆ ಬಂದ. ಪಾಲಕ್ಕಾಡಿನಿಂದ ಬಂದ ಸಹಾಯ ದಾರಿಯಿಂದಲೇ ಹಿಂದೆ ಹೋಯಿತು. ನವೆಂಬರ್ 3ರಂದು ಕೋಟೆ ಶರಣಾಯಿತು. ಒಪ್ಪಿದ ಷರತ್ತು: ಒಳಗಿದ್ದವರು ತಮ್ಮ ಸ್ವಂತ ಸಾಮಾನಿನೊಂದಿಗೆ ಪಾಲಕ್ಕಾಡಿಗೆ ಹೋಗಬಹುದು. ಟಿಪ್ಪು ಆ ಷರತ್ತಿಗೆ ಒಪ್ಪಿಗೆ ಕೊಡಲಿಲ್ಲ. ಅವರನ್ನು ಶ್ರೀರಂಗಪಟ್ಟಣಕ್ಕೆ ಕೈದಿಗಳಾಗಿ ಒಯ್ದರು.

ಇಷ್ಟು ಸಣ್ಣ ಕೋಟೆಯ ವಿಷಯ ಯಾಕೆ ಎಳೆಯುತ್ತಿದ್ದೇನೆ ಅಂದರೆ, ಇದೇ ಮುಂದೆ ಕಾನೂನಿನ ಪ್ರಶ್ನೆಯಾಯಿತು. ಟಿಪ್ಪು ಸಂಧಿಯ ಮಾತಿಗೆ ಬಂದಾಗ ಕಾರ್ನ್‌ವಾಲಿಸ್ ಕೊಟ್ಟ ಉತ್ತರ: ಮೊದಲು ಕೊಯಮತ್ತೂರಿನ ಮಾತು ಮುರಿದದ್ದಕ್ಕೆ ಸರಿ ಮಾಡು, ಆಮೇಲೆ ಬಾಕಿ. ಶ್ರೀರಂಗಪಟ್ಟಣದ ಹೊರಕೋಟೆ ಬಿದ್ದ ಮೇಲೆ, 1792ರ ಫೆಬ್ರವರಿ ಎರಡನೆಯ ವಾರದಲ್ಲಿ ಟಿಪ್ಪು ಚಾಮರ್ಸ್‌ನನ್ನೂ ಅವನ ಜತೆಯ ಅಧಿಕಾರಿಯನ್ನೂ ಬಿಡುಗಡೆ ಮಾಡಿ, ಅವರ ಕೈಯಲ್ಲೇ ಸಂಧಿಯ ಪತ್ರ ಕಳುಹಿಸಿದ. ಕೊಟ್ಟ ಮಾತು ಮುರಿದರೆ ಕೇಳುವವರಿದ್ದಾರೆ ಎನ್ನುವುದು ಅಲ್ಲಿ ನಿಜವಾಯಿತು. ಆದರೆ ಕೇಳಿದ್ದು ಗೆದ್ದ ಸೈನ್ಯ ತನ್ನ ಅಧಿಕಾರಿಗಳಿಗಾಗಿ. ಅದೇ ಕೊಯಮತ್ತೂರಿನ ಪೇಟೆಯಲ್ಲಿ ಮನೆ ಕಳಕೊಂಡವರಿಗಾಗಿ ಯಾವ ಪತ್ರವೂ ಹೋಗಲಿಲ್ಲ. ಆ ಕೋಟೆ ಇವತ್ತು ಕಾಣುವುದಿಲ್ಲ, ಕೋಟ್ಟೈಮೇಡು ಎಂಬ ಹೆಸರು ಉಳಿದಿದೆ. ಅಲ್ಲಿ ಈಗ ಹೆಚ್ಚಾಗಿ ನಮ್ಮಂಥವರದ್ದೇ ಮನೆಗಳು. ತಮಿಳು ಮುಸ್ಲಿಮರ ಬಿರಿಯಾನಿ ತಿನ್ನಲು ನಾನು ಹೋಗುವುದೂ ಅಲ್ಲಿಗೇ.

ಇನ್ನು ಬಿಲ್ಲಿಗೆ ಬರೋಣ. 1792ರ ಫೆಬ್ರವರಿಯಲ್ಲಿ ಪ್ರಾಥಮಿಕ ಷರತ್ತು, ಮಾರ್ಚ್ 18ಕ್ಕೆ ಶ್ರೀರಂಗಪಟ್ಟಣದ ಕೊನೆಯ ಒಪ್ಪಂದ. ರಾಜ್ಯದ ಅರ್ಧ ಭಾಗ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅದರಲ್ಲಿ 1 ಕೋಟಿ 65 ಲಕ್ಷ ಕೂಡಲೇ, ಉಳಿದ ಅರ್ಧ ಮೂರು ಕಂತಿನಲ್ಲಿ, ಒಂದೊಂದು ಕಂತಿಗೆ ನಾಲ್ಕು ತಿಂಗಳಿಗಿಂತ ಹೆಚ್ಚಿಲ್ಲ. ಮುಗಿಯುವ ತನಕ ಇಬ್ಬರು ಮಕ್ಕಳು ಜಾಮೀನು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತರ ಪ್ರಾಯ, ಮುಇಝುದ್ದೀನ್‌ಗೆ ಎಂಟು. ಆನೆಯ ಮೇಲೆ ಬಂದ ಆ ಮಕ್ಕಳ ಕೈ ಹಿಡಿದು ನಿಂತ ಕಾರ್ನ್‌ವಾಲಿಸ್‌ನ ಚಿತ್ರಗಳು ಇಂಗ್ಲೆಂಡಿನಲ್ಲಿ ಬಹಳ ಮಾರಾಟವಾದವು. ತಂದೆಯಂತೆ ನೋಡಿಕೊಂಡ ಎಂದು ಹೊಗಳಿಕೆ. ಸಾಲಕ್ಕೆ ಮಕ್ಕಳನ್ನು ಒತ್ತೆ ಇಡಿಸಿಕೊಂಡದ್ದು ಹೊಗಳುವ ವಿಷಯವಾ ಎಂದು ನನ್ನ ಉಮ್ಮ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಮೊತ್ತದ ಗಾತ್ರ ಅರ್ಥವಾಗಲು ಅಂಗಡಿಯವನ ಲೆಕ್ಕ ಸಾಕು. ಒಪ್ಪಂದದ ಕಾಗದಗಳ ಪ್ರಕಾರ ಬಿಟ್ಟುಕೊಟ್ಟ ಅರ್ಧ ರಾಜ್ಯದ ವಾರ್ಷಿಕ ಹುಟ್ಟುವಳಿ ಸುಮಾರು 39 ಲಕ್ಷ 50 ಸಾವಿರ ವರಹ. ವರಹಕ್ಕೆ 3 ರೂಪಾಯಿಯಂತೆ ಹಿಡಿದರೆ 1 ಕೋಟಿ 18 ಲಕ್ಷ ಚಿಲ್ಲರೆ. ಉಳಿದ ಅರ್ಧದ್ದೂ ಅಷ್ಟೇ ಎನ್ನಿ. ಅಂದರೆ ದಂಡದ ಮೊತ್ತ ಉಳಿದ ರಾಜ್ಯದ ಸುಮಾರು ಮೂರು ವರ್ಷದ ಪೂರ್ತಿ ಆದಾಯ. ಸೈನ್ಯಕ್ಕೆ ಸಂಬಳ ಕೊಡದೆ, ಕೆರೆ ಕಟ್ಟೆ ರಿಪೇರಿ ಮಾಡದೆ, ಒಂದು ರೂಪಾಯಿ ಖರ್ಚು ಮಾಡದೆ ಕಟ್ಟಿದರೂ ಮೂರು ವರ್ಷ ಬೇಕು. ಕೊಟ್ಟ ಗಡುವು ಒಂದು ವರ್ಷ.

ಹಣ ಎಲ್ಲಿಂದ ಬಂತು? ಮಾರ್ಕ್ ವಿಲ್ಕ್ಸ್ ಎಂಬ ಕಂಪೆನಿ ಅಧಿಕಾರಿ ನಂತರ ಬರೆದ ಮೈಸೂರು ಇತಿಹಾಸದಲ್ಲಿ ಟಿಪ್ಪು ಮಾಡಿದ ಹಂಚಿಕೆ ಕೊಡುತ್ತಾನೆ: ಖಜಾನೆಯಿಂದ 1 ಕೋಟಿ 10 ಲಕ್ಷ, ಸೈನ್ಯದವರಿಂದ 60 ಲಕ್ಷ, ಅಧಿಕಾರಿಗಳು ಮತ್ತು ಪ್ರಜೆಗಳಿಂದ 1 ಕೋಟಿ 60 ಲಕ್ಷ. ಕೊನೆಯ ಎರಡಕ್ಕೆ ಹೆಸರು ನಜರಾನ, ಅಂದರೆ ಪ್ರೀತಿಯ ಕಾಣಿಕೆ! ಹೆಚ್ಚುಕಡಿಮೆ ಅರ್ಧ ಜನರ ತಲೆಗೆ. ವಿಲ್ಕ್ಸ್ ಟಿಪ್ಪುವಿನ ಮಿತ್ರನಲ್ಲ, ಅವನ ಪುಸ್ತಕವನ್ನು ಓದುವಾಗ ಉಪ್ಪು ಹಾಕಿಕೊಂಡೇ ಓದಬೇಕು. ಆದರೆ ಲೆಕ್ಕ ಕೂಡಿದರೆ ಸರಿಯಾಗಿ 3 ಕೋಟಿ 30 ಲಕ್ಷವೇ ಆಗುತ್ತದೆ, ಮತ್ತು ಬೇರೆ ದಾರಿಯಾದರೂ ಎಲ್ಲಿತ್ತು? ವಸೂಲಿಗೆ ಹೋದವರು ತಮ್ಮ ಪಾಲನ್ನು ಕೆಳಗಿನವರ ಮೇಲೆ ಜಾರಿಸಿದರು, ರೈತರಿಗೆ ಹಿಂಸೆ ಕೊಟ್ಟರು ಎಂದೂ ಅವನು ಬರೆಯುತ್ತಾನೆ.

ಈಗ ನಕ್ಷೆ ನೋಡಿ. 1792ರಲ್ಲಿ ಟಿಪ್ಪು ಕಳಕೊಂಡದ್ದು ಮಲಬಾರು, ಕೊಡಗು, ದಿಂಡಿಗಲ್ಲು, ಬಾರಾಮಹಲ್, ಉತ್ತರದಲ್ಲಿ ನಿಜಾಮ ಮತ್ತು ಮರಾಠರ ಪಾಲಿನ ಸೀಮೆಗಳು. ಅವನ ಕೈಯಲ್ಲಿ ಉಳಿದದ್ದರಲ್ಲಿ ಕೊಯಮತ್ತೂರು, ಧಾರಾಪುರಂ ಇದ್ದವು. ನಮ್ಮ ಕೆನರಾ ಕೂಡ ಇತ್ತು. ಸೈನ್ಯಗಳು ಎರಡು ವರ್ಷ ತುಳಿದ ಸೀಮೆಯೇ ಆ ತುಳಿತದ ದಂಡವನ್ನೂ ಕಟ್ಟುವವರ ಸಾಲಿನಲ್ಲಿ ನಿಂತಿತು. ಅದರ ಪಕ್ಕದಲ್ಲಿ ನಿಂತವರು ಮಂಗಳೂರು, ಬಂಟ್ವಾಳ, ಕುಂದಾಪುರದ ಗೇಣಿದಾರರು, ಮೀನುಗಾರರು, ಅಕ್ಕಿ-ಮೆಣಸಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಹಿರಿಯರು. 1799ರಲ್ಲಿ ಮಂಗಳೂರಿಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹಳೆ ಲೆಕ್ಕ ಬಿಡಿಸಿ, ಬಿದನೂರು ಅರಸರ ಕಾಲದ ಮೂಲ ಕಂದಾಯ 'ರೇಖೆ'ಯ ಮೇಲೆ ಹೈದರ್-ಟಿಪ್ಪು ಕಾಲದಲ್ಲಿ ಹೇರಿದ್ದ 'ಶಾಮಿಲ್' ಎಂಬ ಹೆಚ್ಚುವರಿ ಎಷ್ಟು ಭಾರವಾಗಿತ್ತು ಎಂದು ವರದಿ ಮಾಡಿದ. ಎಲ್ಲವೂ ದಂಡದಿಂದಲೇ ಬಂದದ್ದಲ್ಲ, ಬಹುಪಾಲು ಅದಕ್ಕೂ ಹಿಂದಿನದ್ದು. ಆದರೆ ಭಾರ ಹೊತ್ತ ಹೆಗಲಿನ ಮೇಲೇ ದಂಡವೂ ಬಂದು ಕೂತಿತು.

ಹಣ ಹೋದದ್ದು ಎಲ್ಲಿಗೆ? ಕಂಪೆನಿ, ನಿಜಾಮ, ಮರಾಠ, ಮೂವರಿಗೆ. ದಾಳಿಗೊಳಗಾದ ತಿರುವಾಂಕೂರು ಆ ಒಪ್ಪಂದದಲ್ಲಿ ಪಕ್ಷವೇ ಅಲ್ಲ, ಮೂರು ಪಾಲಿನಲ್ಲಿ ಅದಕ್ಕೆ ಪಾಲೂ ಇಲ್ಲ. ಬದಲಿಗೆ ಯುದ್ಧದ ಖರ್ಚಿಗೆಂದು ಕಂಪೆನಿ ಅದರ ಕಡೆಗೂ ಕೈ ಚಾಚಿತು, 1795ರ ಒಪ್ಪಂದದಲ್ಲಿ ಕಾವಲು ಪಡೆಗೆ ವರ್ಷ ವರ್ಷವೂ ಹಣ ಕೊಡುವ ಕಟ್ಟಿಗೆ ಅದನ್ನು ಕಟ್ಟಿತು. ಕಾರ್ನ್‌ವಾಲಿಸ್, ಮೆಡೋಸ್ ಇಬ್ಬರೂ ಯುದ್ಧದ ಬಹುಮಾನದಲ್ಲಿ ತಮಗೆ ಬರಬೇಕಾದ ಪಾಲನ್ನು ಬಿಟ್ಟುಕೊಟ್ಟರು, ಒಳ್ಳೆಯದೇ. ಬಿಟ್ಟದ್ದು ಸೈನ್ಯಕ್ಕೆ, ಕೊಯಮತ್ತೂರಿಗಲ್ಲ. ಟಿಪ್ಪು ಕಂತು ತೀರಿಸಿದ. 1794ರಲ್ಲಿ ಮಕ್ಕಳು ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು. ಐದು ವರ್ಷದೊಳಗೆ ಮತ್ತೆ ಯುದ್ಧ, ಈ ಸಲ ದಂಡ ಕೇಳಲು ಟಿಪ್ಪುವೇ ಉಳಿಯಲಿಲ್ಲ. 1799ರ ಹಂಚಿಕೆಯಲ್ಲಿ ಕಂಪೆನಿಯ ಪಾಲಿಗೆ ಬಂದ ಸೀಮೆಗಳ ಪಟ್ಟಿಯಲ್ಲಿ ಕೆನರಾ, ಕೊಯಮತ್ತೂರು, ಧಾರಾಪುರಂ ಒಟ್ಟಿಗೇ ಇವೆ.

ಮುಂದಿನ ವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಗೆದ್ದ ಸೀಮೆಗಳನ್ನೆಲ್ಲ ನಡೆದು ನೋಡಲು ಹೊರಟ. 1800ರ ಕೊನೆಗೆ ಕೊಯಮತ್ತೂರು ಸೀಮೆಯಲ್ಲಿದ್ದ, 1801ರ ಆರಂಭದಲ್ಲಿ ಮಂಗಳೂರಿನಲ್ಲಿ. ಕೊಯಮತ್ತೂರು ಪೇಟೆಯಲ್ಲಿ ಮನೆಗಳು ಹೈದರನ ಕಾಲದಲ್ಲಿದ್ದದ್ದಕ್ಕಿಂತ ಬಹಳ ಕಡಿಮೆಯಾಗಿವೆ ಎಂದು ಬರೆದುಕೊಂಡ. ಯಾವ ಊರಲ್ಲಿ ಎಷ್ಟು ನೇಗಿಲು, ಯಾವ ಮಣ್ಣಿಗೆ ಏನು ಬೆಳೆ, ನೇಕಾರ ಎಷ್ಟು ನೇಯುತ್ತಾನೆ, ಎಲ್ಲವನ್ನೂ ಕೇಳಿದ. ಇಷ್ಟು ಚಂದದ ಲೆಕ್ಕ ಅಲ್ಲಿಯ ತನಕ ಯಾರೂ ಬರೆದಿರಲಿಲ್ಲ. ಆದರೆ ಕಳುಹಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ. ಎಷ್ಟು ನಷ್ಟವಾಗಿದೆ ಕೊಡೋಣ ಎಂದಲ್ಲ, ಎಷ್ಟು ಹುಟ್ಟುತ್ತದೆ ನೋಡೋಣ ಎಂದು.

ಇದೆಲ್ಲ ಆ ಕಾಲದ ಕ್ರಮ ಎನ್ನಬಹುದು. ಯುರೋಪಿನಲ್ಲಿ ಗ್ರೋಶಿಯಸ್, ವಾಟೆಲ್ ಮುಂತಾದ ಪಂಡಿತರು, ಅನ್ಯಾಯವಾಗಿ ಯುದ್ಧ ಹೂಡಿದವನು ನಷ್ಟ ತುಂಬಬೇಕು ಎಂದು ಆಗಲೇ ಬರೆದಿದ್ದರು. ಆದರೆ ನ್ಯಾಯ ಯಾವುದು ಎಂದು ತೀರ್ಮಾನಿಸುವ ಪೀಠ ಇರಲಿಲ್ಲ, ಗೆದ್ದವನೇ ನ್ಯಾಯಾಧೀಶ. 1907ರ ಹೇಗ್ ಒಪ್ಪಂದ, ಯುದ್ಧದ ನಿಯಮ ಮುರಿದ ಸರಕಾರ ಪರಿಹಾರ ಕೊಡಬೇಕು ಎಂದಿತು. 1919ರ ವರ್ಸೇಲ್ಸ್‌ನಲ್ಲಿ ಜರ್ಮನಿಯ ಮೇಲೆ ಹೊಣೆ ಹೊರಿಸಿದರು. 1921ರಲ್ಲಿ ನಿಗದಿ ಮಾಡಿದ ಮೊತ್ತ 13,200 ಕೋಟಿ ಚಿನ್ನದ ಮಾರ್ಕು. ಅದು ಎಲ್ಲಿಗೆ ಒಯ್ದಿತು ಎಂದು ಎಲ್ಲರಿಗೂ ಗೊತ್ತು. ನ್ಯೂರೆಂಬರ್ಗ್‌ನಲ್ಲಿ ಮೊದಲ ಬಾರಿಗೆ ಆಕ್ರಮಣ ಯುದ್ಧ ಹೂಡಿದ್ದಕ್ಕೇ ಮನುಷ್ಯರನ್ನು ಕಟಕಟೆಗೆ ನಿಲ್ಲಿಸಿದರು. ಟೋಕಿಯೊದಲ್ಲಿ ಅದೇ ಆರೋಪ ಬಂದಾಗ ನಮ್ಮ ದೇಶದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಒಪ್ಪಲಿಲ್ಲ. ವಸಾಹತು ಹಿಡಿದವರು ಬೇರೆಯವರ ಆಕ್ರಮಣಕ್ಕೆ ತೀರ್ಪು ಕೊಡುವುದರಲ್ಲಿನ ವಿಚಿತ್ರ ಅವರಿಗೆ ಕಂಡಿತ್ತು. 1792ನ್ನು ಓದಿದ ಮೇಲೆ ಅವರ ಸಿಟ್ಟು ನನಗೆ ಸ್ವಲ್ಪ ಅರ್ಥವಾಗುತ್ತದೆ, ತೀರ್ಪಿನ ಎಲ್ಲ ಮಾತನ್ನೂ ಒಪ್ಪದಿದ್ದರೂ.

ನಷ್ಟವಾದವನ ಹೆಸರು ಬರೆದು, ಅವನ ಕೈಗೇ ಹಣ ಕೊಟ್ಟ ದೊಡ್ಡ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಹೆಚ್ಚಿನವರು ಅದನ್ನು ಇತಿಹಾಸ ಎಂದುಕೊಂಡಿಲ್ಲ ಅಷ್ಟೆ. 1990ರ ಆಗಸ್ಟ್ 2ರಂದು ಇರಾಕ್ ಕುವೈಟನ್ನು ಹಿಡಿಯಿತು. ಅಲ್ಲಿ ದುಡಿಯುತ್ತಿದ್ದ ನಮ್ಮವರು, ಕೊಂಕಣಿಗರು, ಮಲಯಾಳಿಗಳು, ಬಟ್ಟೆ ತುಂಬಿದ ಒಂದು ಬ್ಯಾಗು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಮರುಭೂಮಿ ಸೇರಿದರು. ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳ ಕಾಲ ಹಾರಾಡಿದವು, ಒಟ್ಟು 1 ಲಕ್ಷ 70 ಸಾವಿರಕ್ಕೂ ಹೆಚ್ಚು ಭಾರತೀಯರು ಹಿಂದೆ ಬಂದರು. ನನ್ನ ಮಾಮ ಅವರಲ್ಲೊಬ್ಬರು. ಬ್ಯಾಂಕಿನಲ್ಲಿದ್ದ ದೀನಾರು, ಬಾಡಿಗೆ ಕೋಣೆಯ ಫ್ರಿಜ್ಜು, ಮೂರು ತಿಂಗಳ ಸಂಬಳ, ಎಲ್ಲ ಅಲ್ಲೇ.

1991ರ ಏಪ್ರಿಲ್ 3ರಂದು ಭದ್ರತಾ ಮಂಡಳಿಯ 687ನೇ ನಿರ್ಣಯ, ಕುವೈಟ್ ದಾಳಿಯಿಂದ ನೇರವಾಗಿ ಆದ ನಷ್ಟಕ್ಕೆ ಇರಾಕ್ ಹೊಣೆ ಎಂದಿತು. ಜಿನೀವಾದಲ್ಲಿ ಪರಿಹಾರ ಆಯೋಗ ಕೂತಿತು. ಇದರಲ್ಲಿ ಎರಡು ಹೊಸ ಸಂಗತಿ ಇತ್ತು. ಒಂದು, ಸರಕಾರ ಮತ್ತು ಕಂಪೆನಿಗಳಿಗಿಂತ ಮೊದಲು ಸಾಮಾನ್ಯ ಜನರ ಅರ್ಜಿ. ಎರಡು, ಓಡಿ ಬಂದವನು ದೊಡ್ಡ ಪುರಾವೆ ತರಬೇಕಾಗಿಲ್ಲ. ದಾಳಿಯ ದಿನಗಳಲ್ಲಿ ಅಲ್ಲಿದ್ದೆ, ಅಲ್ಲಿಂದ ಹೊರಟು ಬಂದೆ ಎಂದು ತೋರಿಸಿದರೆ ಒಬ್ಬನಿಗೆ 2,500 ಡಾಲರು, ಕುಟುಂಬಕ್ಕೆ 5,000. ಬೇರೆ ವರ್ಗದಲ್ಲಿ ಅರ್ಜಿ ಹಾಕುವುದಿಲ್ಲ ಎಂದರೆ 4,000 ಮತ್ತು 8,000. ನಮ್ಮವರ ಅರ್ಜಿಗಳು ಭಾರತ ಸರಕಾರದ ಮೂಲಕ ಹೋದವು. ಮಾಮ ಫಾರ್ಮು ತುಂಬಿಸಿದ್ದು ಜೋಕಟ್ಟೆಯ ಒಬ್ಬ ಮೇಷ್ಟ್ರ ಕೈಯಲ್ಲಿ. ಹಣ ಬರುವಾಗ ಅವರ ದೊಡ್ಡ ಮಗಳ ನಿಕಾಹ್ ಮುಗಿದು, ಮೊಮ್ಮಗ ಹುಟ್ಟಿದ್ದ. ಆದರೂ ಬಂತು. ಚೆಕ್ಕಿನ ಮೇಲೆ ಅವರದ್ದೇ ಹೆಸರು.

ಆಯೋಗಕ್ಕೆ ಬಂದ ಅರ್ಜಿಗಳು ಸುಮಾರು 27 ಲಕ್ಷ. ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರು ಸಂದಾಯವಾಯಿತು. ಕೊನೆಯ ಕಂತು 2022ರ ಜನವರಿಯಲ್ಲಿ, ಕುವೈಟಿನ ತೈಲ ಕಂಪೆನಿಗೆ. ಅಷ್ಟರಲ್ಲಿ ಜನರ ಪಾಲು ಸಂದು ಎಷ್ಟೋ ವರ್ಷಗಳಾಗಿದ್ದವು.

ಆದರೆ ಇದರ ಇನ್ನೊಂದು ಬದಿ ಮಾಮನಿಗೇ ಮೊದಲು ಹೊಳೆದದ್ದು. ಆ ಹಣ ಬಂದದ್ದು ಇರಾಕಿನ ಎಣ್ಣೆಯಿಂದ: ಮೊದಲು ಮಾರಾಟದ ನೂರಕ್ಕೆ 30, ಆಮೇಲೆ 25, ಸದ್ದಾಂ ಹೋದ ನಂತರ 5. ಅದೇ ವರ್ಷಗಳಲ್ಲಿ ದಿಗ್ಬಂಧನದಿಂದಾಗಿ ಇರಾಕಿನ ಆಸ್ಪತ್ರೆಗಳಲ್ಲಿ ಔಷಧಿಗೂ ಕೊರತೆ ಇತ್ತು. "ಸದ್ದಾಂನ ಅರಮನೆಯಿಂದ ಕೊಟ್ಟದ್ದಾ ಇದು? ನಮಗೆ ದಾರಿಯಲ್ಲಿ ಖುಬ್ಬೂಸ್ ಕೊಟ್ಟ ಆ ಬಸ್ರಾದ ಹೆಂಗಸಿನ ಪಾಲಿದು" ಎಂದರು ಒಮ್ಮೆ. ಹಣ ಬೇಡ ಎನ್ನಲಿಲ್ಲ. ಅವರದ್ದೂ ನಷ್ಟವೇ, ಹಕ್ಕಿನ ಹಣವೇ. 1 ಕೋಟಿ 60 ಲಕ್ಷದ ನಜರಾನ ಕಟ್ಟಿದ ರೈತನ ವಿಷಯ ಅವರಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು.

ಈಗ ಆಕ್ರಮಣ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮುಂದೆ ಬರಬಹುದಾದ ಅಪರಾಧ. 2018ರ ಜುಲೈ 17ರಿಂದ ಆ ಅಧಿಕಾರ ಜಾರಿಯಲ್ಲಿದೆ. ನಮ್ಮ ದೇಶ ಆ ನ್ಯಾಯಾಲಯದ ಸದಸ್ಯ ಅಲ್ಲ, ದೊಡ್ಡ ದೇಶಗಳಲ್ಲಿ ಹಲವೂ ಅಲ್ಲ. ಉಕ್ರೇನಿಗಾಗಿ 2023ರಲ್ಲಿ ಯುರೋಪಿನ ಕೌನ್ಸಿಲ್ ಹೇಗ್‌ನಲ್ಲಿ ನಷ್ಟದ ದಾಖಲೆ ಪುಸ್ತಕ ತೆರೆದಿದೆ. ಮನೆ ಬಿದ್ದವರು, ಮಕ್ಕಳನ್ನು ಕಳಕೊಂಡವರು ತಮ್ಮ ಹೆಸರು ಬರೆಸುತ್ತಿದ್ದಾರೆ. ರಷ್ಯಾ ಸೋತು ಸಹಿ ಹಾಕಿಲ್ಲ, ಹಣ ಯಾರಿಂದ ಎಂದು ತೀರ್ಮಾನವಾಗಿಲ್ಲ. ಆದರೂ ಮೊದಲು ಪುಸ್ತಕ ತೆರೆದರಲ್ಲ, ಅದು ಸಣ್ಣ ಸಂಗತಿ ಅಲ್ಲ. ಧಾರಾಪುರದವರಿಗೆ ಅಂಥ ಪುಸ್ತಕ ಇದ್ದಿದ್ದರೆ ಅವರ ಎತ್ತುಗಳ ಲೆಕ್ಕ ಇವತ್ತು ನಮಗೆ ಸಿಗುತ್ತಿತ್ತು.

ಹಾಗಾಗಿ ಒಂದು ಕೋರಿಕೆ. 1990ರಲ್ಲಿ ಕುವೈಟಿನಿಂದ ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಆ ಪರಿಹಾರದ ಅರ್ಜಿಯ ಪ್ರತಿ, ಅಮ್ಮಾನಿನ ಮುದ್ರೆ ಇರುವ ಹಳೆ ಪಾಸ್‌ಪೋರ್ಟು, ಬ್ಯಾಂಕಿನ ಕಾಗದ ಕಪಾಟಿನಲ್ಲಿ ಎಲ್ಲಾದರೂ ಇರುತ್ತದೆ. ಮನೆ ಸುಣ್ಣಬಣ್ಣದ ಹೊತ್ತಿಗೆ ಗುಜರಿಗೆ ಹಾಕಬೇಡಿ. ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಅವರು ಇರುವಾಗಲೇ ಯಾವ ದಾರಿಯಲ್ಲಿ ಬಂದರು, ಏನು ಬಿಟ್ಟು ಬಂದರು ಎಂದು ಕೇಳಿ ಬರೆದಿಡಿ. ಬ್ಯಾರಿಯಲ್ಲೇ ಬರೆಯಿರಿ, ಕನ್ನಡ ಲಿಪಿ ಸಾಕು. ಮಾಮನದ್ದು ನಾನು ಬರೆಯಲು ಶುರು ಮಾಡಿದ್ದೇನೆ. ಬಸ್ರಾದ ತನಕ ಬಂದಿದ್ದೇವೆ.